ಕೂದಲಿಲ್ಲದ ರೋಗಿ

ಅಡುಗೆ ಶಾಮಯ್ಯನ ಸೊಂಟದ ಸುತ್ತ ಹುಳುಕಡ್ಡಿಯಾಗಿತ್ತು. ಊರಿಗೆ ಗೊತ್ತಾದರೆ ಯಾವ ಮದುವೆಮನೆಯವರು ಅವನನ್ನು ಒಲೆಯ ಮುಂದೆ ನಿಲ್ಲಿಸಿಯಾರು? ಔಷಧಿ ಅಂಗಡಿಯವನದೋ ಬಾಯಿ ಬೊಂಬಾಯಿ. ಕೊನೆಗೆ ಪಕ್ಕದ ಮನೆಯವರು ಸಾಕಿದ್ದ, ಹುಟ್ಟಾ ಕೂದಲಿಲ್ಲದ ತಳಿಯ ಗಿನಿಪಿಗ್ಗನ್ನು ಕೇಳಿ ತಂದು, ಬುಟ್ಟಿಯಲ್ಲಿಟ್ಟುಕೊಂಡು ದನದ ಡಾಕ್ಟರಮ್ಮನ ಮುಂದೆ ಕೂತ.

"ಇದಕ್ಕೆ ಹುಳುಕಡ್ಡಿ ತಾಯಿ. ಒಂದು ಮುಲಾಮು ಬರ್ಕೊಡಿ, ಹಚ್ತೀನಿ."

ಡಾಕ್ಟರಮ್ಮ ಕನ್ನಡಕ ಏರಿಸಿ, ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಚರ್ಮ ಬೆಣ್ಣೆ ಥರ ಇದೆಯಲ್ರೀ! ಎಲ್ಲಿ ಕೆರ್ಕೊಳ್ಳತ್ತೆ?"

"ಪಂಚೆ ಕಟ್ಟೋ ಜಾಗದಲ್ಲಿ" ಎಂದವನು ತಟ್ಟನೆ ನಾಲಿಗೆ ಕಚ್ಚಿಕೊಂಡ.

ಡಾಕ್ಟರಮ್ಮ ನಗಲಿಲ್ಲ. ಚೀಟಿ ಎಳೆದುಕೊಂಡು ಮುಲಾಮಿನ ಹೆಸರು ಬರೆಯತೊಡಗಿದರು.

"ನಾಚ್ಕೋಬೇಡಿ ಶಾಮಯ್ಯನೋರೆ. ಈ ವಾರ ಇದೇ ಗಿನಿಪಿಗ್ಗನ್ನ ಎತ್ಕೊಂಡು ಬಂದಿರೋ ಅಡುಗೆಯವರಲ್ಲಿ ನೀವು ನಾಲ್ಕನೆಯೋರು."