ಸಂಗೀತ ಮೇಷ್ಟ್ರ ತಾಳ

ತೌಡಿನ ವಾಸನೆ ಮೂಗಿಗೆ ಬಡಿದರೆ ಈಗಲೂ ನನಗೆ ಬಂಟ್ವಾಳದ ನಮ್ಮ ಮನೆಯ ಒಂದು ಮಧ್ಯಾಹ್ನ ನೆನಪಾಗುತ್ತದೆ.

ನನಗೂ ತಮ್ಮನಿಗೂ ತಾಳ ಕಲಿಸಲು ಜರಿ ಶಾಲಿನ ಮೇಷ್ಟ್ರೊಬ್ಬರು ಬರುತ್ತಿದ್ದರು. ಅವರಿಗೆ ಚೆನ್ನಾಗಿ ಬರುತ್ತಿದ್ದ ವಿದ್ಯೆ ಒಂದೇ, ಅಡಿಕೋಲಿನಿಂದ ಬೆರಳ ಗಂಟಿಗೆ ಹೊಡೆಯುವುದು. ಅಂದು ಮಾತ್ರ ನಮ್ಮ ತಾಳ ತಪ್ಪಲಿಲ್ಲ. ಅಂಗಳದಲ್ಲಿ ಭತ್ತ ಕುಟ್ಟುತ್ತಿದ್ದ ಕಮಲಕ್ಕನ ಒನಕೆಯ ಸದ್ದಿಗೆ ನಮ್ಮ ಕೈ ತಾನಾಗಿ ಬೀಳುತ್ತಿತ್ತು.

"ಒಂದು ಜೋರು, ಮೂರು ಮೆಲ್ಲ. ಅಷ್ಟೇ ಮಕ್ಕಳೇ, ಮತ್ತೆಂತ ಉಂಟು ಅದರಲ್ಲಿ?" ಎಂದಳು ಅವಳು.

ಮೇಷ್ಟ್ರು ಮುಖ ಸಿಂಡರಿಸಿದರು. "ಭತ್ತ ಕುಟ್ಟುವವಳು ತಾಳ ಕಲಿಸುವುದಾ? ನಿಲ್ಲಿಸು ಆ ಗಲಾಟೆ!"

ಕಮಲಕ್ಕ ಒನಕೆಯನ್ನು ಗೋಡೆಗೆ ಒರಗಿಸಿ ಕುಳಿತಳು. ಮೇಷ್ಟ್ರು ತೊಡೆ ತಟ್ಟುತ್ತಾ ಹಾಡತೊಡಗಿದರು. ಎರಡನೇ ಸಾಲಿಗೆ ಕೈ ಒಂದು ಕಡೆ, ಹಾಡು ಇನ್ನೊಂದು ಕಡೆ ಹೋಯಿತು. ಮತ್ತೆ ಶುರು ಮಾಡಿದರು, ಮತ್ತೆ ತಪ್ಪಿತು. ತಮ್ಮ ಕಿಸಕ್ಕನೆ ನಕ್ಕ.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಜ್ಜಿ ಮೆಲ್ಲನೆ ಕೇಳಿದರು: "ಮೇಷ್ಟ್ರೇ, ಕಮಲ ಪುನಃ ಕುಟ್ಟಲಿಯಾ? ನಿಮ್ಮ ಹಾಡು ಮುಗಿಯಬೇಕಲ್ಲ."

"ಈ ಮನೆಯ ಮಕ್ಕಳಿಗೆ ಸಂಗೀತ ಹತ್ತುವುದಿಲ್ಲ" ಎಂದ ಮೇಷ್ಟ್ರು, ಕೊಟ್ಟ ಕಾಫಿಯನ್ನು ಪೂರ್ತಿ ಕುಡಿದೇ ಎದ್ದು ಹೋದರು.