ಮೂರು ಸರಿಯುತ್ತರ

ತೀರಿಕೊಂಡು ಏಳು ತಿಂಗಳಾಗಿದ್ದ ಮೇಷ್ಟ್ರು ಮಂಗಳವಾರ ಬೆಳಿಗ್ಗೆ ಹತ್ತು ಗಂಟೆಗೆ ಕೆಲಸಕ್ಕೆ ಬಂದಿದ್ದರು.

ಅವರ ಜೊತೆ ಕೆಲಸ ಮಾಡಿದ್ದ ಅವಳು ಕಂಪ್ಯೂಟರ್ ಪರದೆಯನ್ನು ಮೂರು ಸಲ ನೋಡಿದಳು. ಅದೇ ಹೆಸರು, ಅದೇ ಖಾತೆ. ಪಾಠ ಹೇಳುವ ಮೇಷ್ಟ್ರಲ್ಲ ಅವರು. ಕಂಡವರ ಕೋಡ್‌ನಲ್ಲೆಲ್ಲ ತಪ್ಪು ಹುಡುಕುತ್ತಿದ್ದುದರಿಂದ ಅಂಟಿಕೊಂಡ ಹೆಸರು. ಮೇಷ್ಟ್ರಿದ್ದ ಮೇಲೆ ಕ್ಲಾಸಿಗೊಬ್ಬ ಮಾನಿಟರ್ ಬೇಡವೇ? ಹಾಗೆ ಇವಳು ಮಾನಿಟರ್ ಆದಳು.

ಇಬ್ಬರೂ ಸೇರಿ ಒಂಬತ್ತು ವರ್ಷ ಒಂದು ಪುಟ್ಟ ಪ್ಯಾಕೇಜನ್ನು ಸಾಕಿದ್ದರು. ಬೇರೆ ಬೇರೆ ಥರ ಬರೆದ ತಾರೀಖುಗಳನ್ನು ಸರಿಯಾಗಿ ಓದುವ ಇನ್ನೂರು ಸಾಲಿನ ಕೋಡ್. ಯಾರು ಬೇಕಾದರೂ ಪುಕ್ಕಟೆ ತೆಗೆದುಕೊಂಡು ತಮ್ಮ ತಂತ್ರಾಂಶಕ್ಕೆ ಸೇರಿಸಿಕೊಳ್ಳಬಹುದು. ಆಸ್ಪತ್ರೆಗಳು ಸೇರಿಸಿಕೊಂಡಿದ್ದವು, ಟಿಕೆಟ್ ಕೌಂಟರುಗಳು ಸೇರಿಸಿಕೊಂಡಿದ್ದವು. ಊರೆಲ್ಲ ನೀರು ಸೇದುವ ಬಾವಿ ಅದು. ಈಗ ಅದಕ್ಕೆ ಯಾರೋ ವಿಷ ಹಾಕಿದ್ದರು. ಮೇಷ್ಟ್ರ ಖಾತೆಯಿಂದ ಸೇರಿದ ಹನ್ನೊಂದು ಸಾಲುಗಳು, ತಾವು ಹೊಕ್ಕ ಕಂಪ್ಯೂಟರಿನ ಪಾಸ್‌ವರ್ಡ್‌ಗಳನ್ನೆಲ್ಲ ಹೆಕ್ಕಿ ಎಲ್ಲಿಗೋ ಕಳಿಸುತ್ತಿದ್ದವು.

ಕಳ್ಳತನಕ್ಕಿಂತ ಅವಳನ್ನು ಹೆದರಿಸಿದ್ದು ಆ ಸಾಲುಗಳ ಕೆಳಗಿನ ಟಿಪ್ಪಣಿ. 'ಅವಸರ ಬೇಡ, ಇನ್ನೊಮ್ಮೆ ನೋಡಿ.' ಮೇಷ್ಟ್ರು ಒಂಬತ್ತು ವರ್ಷವೂ ಎಲ್ಲರೂ ಓದುವಂತೆ ಹೀಗೆಯೇ ಬರೆದಿದ್ದರು. ಮಾನಿಟರ್ ಎದ್ದು ಹೋಗಿ ಕಿಟಕಿಯ ಪರದೆ ಸರಿಸಿ ಬಿಸಿಲಿಗೆ ನಿಂತಳು.

ವಿಷದ ಸಾಲುಗಳನ್ನು ಅಂದೇ ಕಿತ್ತುಹಾಕಿದ್ದಾಯಿತು. ಕಳ್ಳ ಮೇಷ್ಟ್ರ ಖಾತೆಯೊಳಗೆ ಬಂದದ್ದು ಹೇಗೆಂಬುದು ಬುಧವಾರ ಗೊತ್ತಾಯಿತು. ಯಾರೋ 'ಪಾಸ್‌ವರ್ಡ್ ಮರೆತಿದ್ದೇನೆ' ಎಂದು ಒತ್ತಿದ್ದರು. ಗುರುತು ಹಿಡಿಯಲು ಮೇಷ್ಟ್ರೇ ಬರೆದಿಟ್ಟಿದ್ದ ಮೂರು ಪ್ರಶ್ನೆಗಳು ಎದ್ದುಬಂದಿದ್ದವು. ಮೊದಲು ಸಾಕಿದ ನಾಯಿಯ ಹೆಸರು. ಶಾಲೆಯಲ್ಲಿ ಗೆಳೆಯರು ಕರೆಯುತ್ತಿದ್ದ ಅಡ್ಡಹೆಸರು. ಮಗುವಾಗಿದ್ದಾಗ ಹೆದರುತ್ತಿದ್ದುದು ಯಾವುದಕ್ಕೆ? ಮೂರಕ್ಕೂ ಒಂದೇ ಏಟಿಗೆ ಸರಿಯುತ್ತರ ಬಿದ್ದಿತ್ತು.

"ಅವರೇ ಬದುಕಿದ್ದಾಗ ಯಾರಿಗೋ ಹೇಳಿಕೊಟ್ಟಿದಾರೆ," ಎಂದರು ಪ್ಯಾಕೇಜ್‌ಗಳನ್ನೆಲ್ಲ ಇಡುವ ಜಾಲತಾಣದ ಭದ್ರತಾ ಅಧಿಕಾರಿ. "ಸಂಜೆ ಆರಕ್ಕೆ ಪ್ರಕಟಣೆ ಕೊಡ್ತೀವಿ. ಅವರ ಹೆಸರು ಹಾಕಿಯೇ."

"ಸತ್ತವರ ಮೇಲೆ ಗೂಬೆ ಕೂರಿಸ್ತೀರಾ?"

"ಉತ್ತರ ಹೇಳಿದ್ದು ಬೇರೆಯವರು ಅಂತ ತೋರಿಸಿ. ಹೆಸರು ತೆಗೀತೀವಿ."

ಮೂರು ಗಂಟೆಗೆ ಅವಳು ಮೇಷ್ಟ್ರ ಮನೆಯ ಬೆಲ್ ಒತ್ತಿದಳು. ಮಣ್ಣು ಮಾಡಿದ ದಿನ ಬಿಟ್ಟರೆ ಇತ್ತ ಸುಳಿದಿರಲಿಲ್ಲ. ಹೋಗಿ ಏನು ಮಾತಾಡುವುದು ಎಂಬ ಸಂಕೋಚ.

ಬಾಗಿಲು ತೆರೆದವರು ಮೇಷ್ಟ್ರ ಹೆಂಡತಿ. ನರ್ಸ್, ಡ್ಯೂಟಿ ಮುಗಿಸಿ ಆಗಷ್ಟೇ ಬಂದಿದ್ದರು. ಒಳಕೋಣೆಯಲ್ಲಿ ಯಾರೋ ಫೋನಿನಲ್ಲಿ ನಗುತ್ತಾ ಮಾತಾಡುತ್ತಿದ್ದರು.

"ಅತ್ತೆ," ಎಂದರು ಅವರು. "ಯಾರೋ ಪರಿಚಯದವರಂತೆ, ದಿನಾ ಮಾಡ್ತಾರೆ. ಸದ್ಯ, ಅಷ್ಟಾದ್ರೂ ನಗ್ತಾರೆ." ಆಮೇಲೆ ದನಿ ತಗ್ಗಿಸಿದರು. "ಅವರೆದುರು ಇವರ ಸುದ್ದಿ ಎತ್ತಬೇಡಿ, ದಯವಿಟ್ಟು. ನಾವ್ಯಾರೂ ಎತ್ತಲ್ಲ. ಫೋಟೋ ಕೂಡ ಒಳಗಿಟ್ಟಿದೀನಿ."

ಮಾನಿಟರ್ ಸುತ್ತಿ ಬಳಸದೆ ನಡೆದದ್ದನ್ನು ಹೇಳಿ ಮೂರು ಪ್ರಶ್ನೆಗಳನ್ನೂ ಕೇಳಿದಳು. ಮೂರು ಉತ್ತರ ಗೊತ್ತಿರಬಹುದಾದವರು ಈ ಮನೆಯವರೇ. ಅವಳ ಅನುಮಾನವೆಲ್ಲ ಎದುರಿಗೆ ಕೂತಿದ್ದವರ ಮೇಲಿತ್ತು.

"ನಾಯಿ ಸಾಕಿದ್ರಾ?" ಮೇಷ್ಟ್ರ ಹೆಂಡತಿಯ ಕಣ್ಣು ತುಂಬಿ ಬಂತು. "ಹದಿನಾರು ವರ್ಷ ಜೊತೆಗಿದ್ದೆ. ಒಂದು ದಿನಾನೂ ಹೇಳಲಿಲ್ಲ."

ಇದು ನಾಟಕವಲ್ಲ. ಆ ಕಣ್ಣೀರು ಕಂಡರೆ ಯಾರಿಗಾದರೂ ಗೊತ್ತಾಗುತ್ತಿತ್ತು. ಹಾಗಾದರೆ ಉತ್ತರ ಕೊಟ್ಟವರು ಯಾರು? ಹೆಂಡತಿಗೂ ಹೇಳದ್ದನ್ನು ಬಲ್ಲವರು ಮೇಷ್ಟ್ರೊಬ್ಬರೇ. ಒಂದು ಕ್ಷಣ ಮಾನಿಟರ್‌ಗೆ ಅವರೇ ಬೆನ್ನ ಹಿಂದೆ ನಿಂತು ತನ್ನ ತಪ್ಪು ಹುಡುಕುತ್ತಿರುವಂತೆ ಅನ್ನಿಸಿತು. ತಿರುಗಿ ನೋಡಲು ಧೈರ್ಯ ಸಾಲಲಿಲ್ಲ.

"ಹೊಲಿಗೆ ಮಿಷನ್ನು," ಎಂದಿತು ಬೆನ್ನ ಹಿಂದಿನ ದನಿ.

ಮೇಷ್ಟ್ರ ತಾಯಿ ಬಾಗಿಲಲ್ಲಿ ನಿಂತಿದ್ದರು. "ಅವನು ಹೆದರ್ತಿದ್ದದ್ದು ನನ್ನ ಹೊಲಿಗೆ ಮಿಷನ್ನಿಗೆ. ಟರ್ ಅಂದ್ರೆ ಸಾಕು, ಮಂಚದ ಕೆಳಗೆ ಹೋಗಿ ಕೂರೋನು. ನಾಯಿ ಹೆಸರು ಗುಂಡ."

"ಅಮ್ಮಾ... ಇದನ್ನ ಯಾರಿಗಾದ್ರೂ ಹೇಳಿದ್ರಾ?"

"ಈಗ ಫೋನಲ್ಲಿದ್ದನಲ್ಲ, ಅವನಿಗೆ. ನಿಮ್ಮ ಮಗನ ಜೊತೆ ಕೆಲಸ ಮಾಡ್ತಿದ್ದೆ ಅಂದ. ಎರಡು ತಿಂಗಳಿಂದ ಮಾಡ್ತಾನೆ."

ಸೊಸೆ ಬಾಯಿಗೆ ಕೈ ಅಡ್ಡ ಹಿಡಿದರು. ಮಾನಿಟರ್ ಆ ನಂಬರನ್ನೂ ನಾಲ್ಕು ಸಾಲಿನ ವಿವರವನ್ನೂ ಅಧಿಕಾರಿಗೆ ಕಳಿಸಿದಳು: ಮುಗ್ಧ ತಾಯಿಯೊಬ್ಬರನ್ನು ವಂಚಿಸಿ ಉತ್ತರ ಪಡೆದಿದ್ದಾರೆ. ಐದೂವರೆಗೆ ಮರುಮಾತು ಬಂತು. ಮೇಷ್ಟ್ರ ಹೆಸರು ಕೈಬಿಟ್ಟಿದ್ದರು. ಅವಳಿಗೆ ಹೋದ ಜೀವ ಬಂದಂತಾಯಿತು.

ಅವಳು ಮುದುಕಿಯ ಪಕ್ಕ ಕೂತು ಕೈ ಹಿಡಿದುಕೊಂಡಳು. "ಅವನು ಗೆಳೆಯ ಅಲ್ಲಮ್ಮ, ಕಳ್ಳ. ಇನ್ನು ಫೋನ್ ಮಾಡಿದ್ರೆ ಎತ್ತಬೇಡಿ. ನಿಮ್ಮ ತಪ್ಪೇನಿಲ್ಲ. ಅಂಥ ಮೋಸ ನಿಮಗೆ ಹೇಗೆ ಗೊತ್ತಾಗ್ಬೇಕು?"

"ಗೊತ್ತಿತ್ತು ಕಣಮ್ಮ," ಎಂದರು ಅವರು, ಮೆಲ್ಲಗೆ ಕೈ ಬಿಡಿಸಿಕೊಂಡು. "ಎರಡನೇ ದಿನಾನೇ ಗೊತ್ತಾಯ್ತು. ನನ್ನ ಮಗ ಎಡಗೈಲಿ ಎಷ್ಟು ಚೆಂದ ಬರೀತಿದ್ದ ಅಂದೆ. ಹೌದಮ್ಮ, ನಾನೂ ನೋಡಿದೀನಿ ಅಂದ. ನನ್ನ ಮಗ ಬಲಗೈಯೋನು. ಏನು ಕದಿಯೋಕೆ ಬಂದಿದಾನೆ ಅನ್ನೋದಷ್ಟೇ ತಿಳೀಲಿಲ್ಲ."

"ಗೊತ್ತಿದ್ದೂ ಯಾಕಮ್ಮ ಮಾತಾಡಿದ್ರಿ?"

"ಇಷ್ಟು ದಿನದಲ್ಲಿ, ನಿಮ್ಮ ಮಗ ಚಿಕ್ಕೋನಿದ್ದಾಗ ಹೇಗಿದ್ದ ಅಂತ ನನ್ನ ಕೇಳಿದೋನು ಅವನೊಬ್ಬನೇ."