ಮಾವನ ಕೈಮಾತು

ಅತ್ತೆ ಕೋಣೆಗೆ ನುಗ್ಗಿದವರೇ ಗಂಡನ ಕೈಯಿಂದ ಪುಸ್ತಕ ಕಸಿದುಕೊಂಡರು. "ಸೊಸೆ ಚೀಲ ಹಿಡಿದು ತವರಿಗೆ ಹೊರಟಿದ್ದಾಳೆ. ಮಾವನಿಗೆ ನನ್ನ ಕಂಡ್ರೆ ಆಗಲ್ಲ ಅಂತ ಚೀಟಿ ಬರೆದು ಕೊಟ್ಟಳು. ನೀವು ಇನ್ನೂ ಓದ್ತಾನೇ ಕೂತಿರಿ."

ಮಾವ ಮೂವತ್ತು ವರ್ಷ ಅಚ್ಚುಕೂಟದಲ್ಲಿ ಕರಡು ತಿದ್ದಿದವರು. ಕಿವಿ ಕೇಳದ ಸೊಸೆ ಮನೆಗೆ ಬಂದಾಗಿನಿಂದ, ಎಂಟು ತಿಂಗಳು, ಕದ ಹಾಕಿಕೊಂಡು ಪುಸ್ತಕ ನೋಡಿ ಕನ್ನಡಿಯೆದುರು ಅವಳ ಕೈಸನ್ನೆಯ ಭಾಷೆ ಕಲಿಯುತ್ತಿದ್ದರು. ಪೂರ್ತಿ ಬರುವ ತನಕ ಅವಳಿಗೆ ತಿಳಿಯಕೂಡದೆಂದು ಹೆಂಡತಿಯ ಬಾಯಿ ಕಟ್ಟಿದ್ದರು. ಸೊಸೆ ಎದುರಾದರೆ ಮುಜುಗರದಿಂದ ಮುಖ ತಿರುಗಿಸಿ ಎದ್ದು ಹೋಗುತ್ತಿದ್ದರು.

"ಬೆರಳು ಇನ್ನೂ ಪಳಗಿಲ್ಲ ಕಣೇ. ತಪ್ಪಾದ್ರೆ ಏನೇನೋ ಅರ್ಥ ಬರುತ್ತೆ."

"ಈಗ ಬಂದಿರೋ ಅರ್ಥಕ್ಕಿಂತ ಕೆಟ್ಟದ್ದು ಇನ್ನೇನಿದೆ? ಈಜು ಕಲಿತ ಮೇಲೇ ನೀರಿಗಿಳೀತೀನಿ ಅನ್ನೋರ ಪೈಕಿ ನೀವು. ಏಳಿ ಮೇಲೆ."

ಸೊಸೆ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದಳು. ಮಾವ ಅವಳೆದುರು ನಿಂತು ಕೈ ಎತ್ತಿದರು. ಕಲಿತದ್ದರಲ್ಲಿ ಅರ್ಧ ಮರೆತೇ ಹೋಗಿತ್ತು. ಉಳಿದರ್ಧವನ್ನು ಹಿಂದುಮುಂದಾಗಿ ಹೇಳಿದರು: ಹೋಗಬೇಡ, ನಾನು ಕಲಿಯುತ್ತಿದ್ದೇನೆ. ಸೊಸೆ ಆ ಕೈಗಳನ್ನೇ ದಿಟ್ಟಿಸಿ ನೋಡಿದಳು. ಉತ್ತರ ಕೊಡಲು ಅವಳಿಗೆ ಎರಡೂ ಕೈ ಬೇಕಿತ್ತು, ಚೀಲ ಕೆಳಗಿಟ್ಟಳು. ಎಂಟು ತಿಂಗಳ ಮಾತು ಬೆರಳುಗಳಲ್ಲಿ ಒಮ್ಮೆಲೇ ಹರಿಯಿತು. ಮಾವನಿಗೆ ಒಂದಕ್ಷರವೂ ತಿಳಿಯಲಿಲ್ಲ.

"ಏನಂದಳೇ?" ಎಂದು ಹೆಂಡತಿಯತ್ತ ತಿರುಗಿದರು.

"ನನ್ನ ಯಾಕೆ ಕೇಳ್ತೀರಿ? ಅವಳನ್ನೇ ಕೇಳಿ."